ಕಲಬುರಗಿಯಿಂದ ಜೈಸಲ್ಮೇರ್‌ಗೆ ಕಾರಿನಲ್ಲಿ, ನಾವಿಬ್ಬರೇ: ಏನು ನೋಡಬೇಕು, ಏನು ಬಿಡಬೇಕು?

ತೊಗರಿಹೊಲ (ಕಲಬುರಗಿ)

ಎಲ್ಲರಿಗೂ ಶರಣು. ಡಿಸೆಂಬರ್ ಕೊನೆಗೆ ನಾನು ಮತ್ತು ನಮ್ಮ ಮನೆಯವರು ಕಾರಿನಲ್ಲಿ ರಾಜಸ್ಥಾನದ ಮರುಭೂಮಿ ಕಡೆ ಹೊರಟಿದ್ದೇವೆ. ಮಕ್ಕಳು ಹಾಸ್ಟೆಲ್ ಸೇರಿದ್ದಾರೆ, ಮನೆಯಲ್ಲಿ ನಾವಿಬ್ಬರೇ. ಇಬ್ಬರಿಗೂ ಗಾಡಿ ಓಡಿಸೋದು ಬರುತ್ತದೆ. ಪಾಳಿ ಹಚ್ಚಿಕೊಂಡು ಓಡಿಸುತ್ತೇವೆ. ಗಾಡಿ ಚಿಕ್ಕದು, ಪೆಟ್ರೋಲ್ ಹ್ಯಾಚ್‌ಬ್ಯಾಕ್.

ಅಷ್ಟು ದೂರ ಹೋಗೋದಕ್ಕೆ ಕಾರಣ ಗೆಳೆಯರು. ನಮ್ಮವರ ಜೊತೆ ಇಲ್ಲೇ ಇಂಜಿನಿಯರಿಂಗ್ ಓದಿದವರೊಬ್ಬರು ಜೈಸಲ್ಮೇರ್ ಹತ್ತಿರ ಗಾಳಿಯಂತ್ರದ ಕೆಲಸದಲ್ಲಿದ್ದಾರೆ. ನನ್ನ ಜೊತೆ ಬಿ.ಎಡ್. ಮಾಡಿದ ಗೆಳತಿ ಮದುವೆಯಾಗಿ ಜೋಧಪುರ ಸೇರಿದ್ದಾಳೆ. ಇಬ್ಬರೂ ಫೋನ್ ಮಾಡಿದಾಗಲೆಲ್ಲ "ಯಾವಾಗ ಬರ್ತೀರಿ" ಅಂತ ಕೇಳುತ್ತಾರೆ. ಈ ಸಲ ಹೋಗಲೇಬೇಕು ಅಂತ ಗಟ್ಟಿ ಮಾಡಿದ್ದೇವೆ.

ಎರಡು ವಾರದ ಹತ್ತಿರ ರಜೆ ಇದೆ. ನಮ್ಮವರು ಉದಯಪುರ, ಜೋಧಪುರ, ಜೈಸಲ್ಮೇರ್, ಬಿಕಾನೇರ್, ಜೈಪುರ ಎಲ್ಲಾ ಸೇರಿಸಿ ಪಟ್ಟಿ ಮಾಡಿದ್ದಾರೆ. ನನಗೆ ಅದು ಜಾಸ್ತಿ ಆಯಿತು ಅನಿಸುತ್ತಿದೆ. ದಾರಿ ಯಾವುದು ಒಳ್ಳೆಯದು? ಮರಳು ದಿಬ್ಬದ ಹತ್ತಿರ ಡೇರೆಯಲ್ಲಿ ಉಳಿಯೋದು ಅಂತ ಎಲ್ಲರೂ ಹೇಳುತ್ತಾರಲ್ಲ, ಅಷ್ಟು ದುಡ್ಡು ಕೊಡುವಂಥದ್ದು ಇದೆಯಾ? ಗೆಳೆಯರಿಗೆ ಇಲ್ಲಿಂದ ಏನು ಒಯ್ಯಬಹುದು? ಹೋಗಿ ಬಂದವರು ದಯವಿಟ್ಟು ಹೇಳಿ.

ಭೀಮಾತೀರ (ಯಾದಗಿರಿ)

ಅಕ್ಕಾ, ದಾರಿ ನಾನು ಹೇಳ್ತೀನಿ, ಉಳಿದದ್ದು ಹಿರಿಯರು ಹೇಳಲಿ. ಒಂದು ಕಡೆಗೇ 1,600 ಕಿ.ಮೀ. ಮೇಲಾಗುತ್ತದೆ, ಅದನ್ನು ಮೊದಲು ತಲೆಯಲ್ಲಿ ಇಟ್ಟುಕೊಳ್ಳಿ.

ಕಲಬುರಗಿ ಬಿಟ್ಟು ಸೋಲಾಪುರ, ಅಲ್ಲಿಂದ ತುಳಜಾಪುರ, ಬೀಡ್ ಮೇಲೆ ಸಂಭಾಜಿನಗರ (ಹಳೇ ಔರಂಗಾಬಾದ್). ಮೊದಲ ರಾತ್ರಿ ಅಲ್ಲೇ ಉಳಿಯಿರಿ. ಬೆಳಗ್ಗೆ ಬೇಗ ಎದ್ದು ಎಲ್ಲೋರ ನೋಡಿ. ಧುಳೆ ಕಡೆ ಹೋಗುವ ದಿಕ್ಕಿನಲ್ಲೇ ಇದೆ, 30 ಕಿ.ಮೀ. ಆಸುಪಾಸು. ಮಂಗಳವಾರ ಎಲ್ಲೋರ ಬಂದ್, ಆ ದಿನ ಬೀಳದ ಹಾಗೆ ಮನೆ ಬಿಡಿ. ಕೈಲಾಸ ದೇವಸ್ಥಾನ ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದ್ದು, 8ನೇ ಶತಮಾನ. ಮುಂದೆ ಇದೇ ಮನೆತನದವರು ನಮ್ಮ ಮಳಖೇಡದಲ್ಲಿ ರಾಜಧಾನಿ ಮಾಡಿಕೊಂಡು ಆಳಿದರು. ಕಾಗಿಣಾ ದಂಡೆಯ ಕೋಟೆ ನೋಡುತ್ತಾ ಬೆಳೆದ ನಾವು ಎಲ್ಲೋರ ನೋಡದೆ ಮುಂದೆ ಹೋಗಬಾರದು. ಬಂಡೆಯನ್ನು ಮೇಲಿಂದ ಕೆಳಗೆ ಕಡಿದು ಇಳಿದಿದ್ದಾರೆ. ಮೊದಲು ಪಕ್ಕದ ಗುಡ್ಡ ಹತ್ತಿ ಮೇಲಿನಿಂದ ನೋಡಿ, ಆಮೇಲೆ ಒಳಗೆ ಹೋಗಿ. ಆಗಲೇ ಕೆಲಸ ಎಷ್ಟು ದೊಡ್ಡದು ಅಂತ ಗೊತ್ತಾಗೋದು.

ಆಮೇಲೆ ಧುಳೆ, ನವಾಪುರ, ಸೂರತ್, ವಡೋದರ, ಅಹಮದಾಬಾದ್, ಪಾಲನಪುರ, ಸಿರೋಹಿ, ಪಾಲಿ, ಜೋಧಪುರ. ಗುಜರಾತ್ ದಾಟುವ ಮೊದಲು ಟ್ಯಾಂಕ್ ಫುಲ್ ಮಾಡಿಸಿ, ರಾಜಸ್ಥಾನದಲ್ಲಿ ಪೆಟ್ರೋಲ್ ತುಟ್ಟಿ. ಗುಜರಾತಿನಲ್ಲಿ ಪಾನ ನಿಷೇಧ ಇದೆ, ಯಾರಾದರೂ ಗೆಳೆಯರಿಗೆ ಅಂತ ಬಾಟಲಿ ಕೊಟ್ಟರೆ ಗಾಡಿಯಲ್ಲಿ ಇಟ್ಟುಕೊಳ್ಳಬೇಡಿ. ಜೈಪುರ ಈ ಸಲ ಬಿಡಿ. ಅದು ಬೇರೆ ದಿಕ್ಕು.

ನೀರಿನ ಹಾದಿ (ಬೀದರ್)

ತಂಗಿ, ನಿಮ್ಮ ಪ್ರಶ್ನೆ ಓದಿ ತುಂಬಾ ಸಂತೋಷವಾಯಿತು. ನಾನು ಕೃಷಿ ಇಲಾಖೆಯಲ್ಲಿದ್ದು ನಿವೃತ್ತನಾದವನು. ನಾನೂ ನನ್ನ ಹೆಂಡತಿಯೂ ಇದೇ ರೀತಿ ಗೆಳೆಯರ ಮನೆ ಹಿಡಿದುಕೊಂಡು ಅಲ್ಲಿ ಓಡಾಡಿದ್ದೇವೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಾವಕಾಶ ಓದಿ.

ಊರುಗಳ ಪಟ್ಟಿ ಕಡಿಮೆ ಮಾಡಿ. ಜೋಧಪುರ, ಜೈಸಲ್ಮೇರ್ ಎರಡೇ ಇರಲಿ. ದಿನ ಮಿಕ್ಕರೆ ಬಿಕಾನೇರ್. ನಿಮಗೆ ಅಲ್ಲಿ ಮನೆಗಳಿವೆ. ಪ್ರವಾಸಿಗರಿಗೆ ಸಿಗದ ಭಾಗ್ಯ ಅದು. ಮರುಭೂಮಿ ಅಂದರೆ ಖಾಲಿ ಮರಳು ಅಂತ ನಾವು ತಿಳಿದಿರುತ್ತೇವೆ. ಅಲ್ಲಿ ನೋಡಬೇಕಾದದ್ದು ನೀರು. ಅಷ್ಟು ಕಡಿಮೆ ಮಳೆಯಲ್ಲಿ ಜನ ಹೇಗೆ ನೂರಾರು ವರ್ಷ ಸಂಸಾರ ಮಾಡಿದರು ಅನ್ನೋದನ್ನು ನೋಡಿ ಬನ್ನಿ. ಜೈಸಲ್ಮೇರ್‌ನಲ್ಲಿ ವರ್ಷಕ್ಕೆ 200 ಮಿ.ಮೀ. ಮಳೆ ಆದರೆ ಅದೇ ದೊಡ್ಡದು. ನಮ್ಮ ಕಡೆ 700 ದಾಟುತ್ತದೆ, ಆದರೂ ಬೇಸಿಗೆ ಬಂದರೆ ಟ್ಯಾಂಕರ್ ಹಿಂದೆ ಓಡುತ್ತೇವೆ.

ಜೋಧಪುರದಲ್ಲಿ ಮೆಹರಾನಗಢ ಕೋಟೆಗೆ ಹೇಗೂ ಹೋಗುತ್ತೀರಿ. ರಾವ್ ಜೋಧಾ 1459ರಲ್ಲಿ ಶುರು ಮಾಡಿದ ಕೋಟೆ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ, ಅರ್ಧ ದಿನ ಬೇಕು. ಕೆಳಗಿಳಿದ ಮೇಲೆ ಹಳೇ ಪೇಟೆಯಲ್ಲಿ ತೂರ್‌ಜೀ ಕಾ ಝಾಲರಾ ಅಂತ ಮೆಟ್ಟಿಲ ಬಾವಿ ಇದೆ, 18ನೇ ಶತಮಾನದ್ದು. ಗಂಟಾಘರ್ ಹತ್ತಿರ ಮಿರ್ಚಿ ವಡಾ ತಿನ್ನಿ. ನಮ್ಮ ಮಿರ್ಚಿ ಭಜಿಗಿಂತ ದಪ್ಪ, ಒಳಗೆ ಆಲೂಗಡ್ಡೆ ತುಂಬಿರುತ್ತಾರೆ.

ನಿಮ್ಮ ಗೆಳತಿಗೆ ಹೇಳಿ ಖೇಜಡ್ಲಿಗೆ ಒಂದು ಬೆಳಗ್ಗೆ ಹೋಗಿ ಬನ್ನಿ. ಜೋಧಪುರದಿಂದ 25 ಕಿ.ಮೀ. ಚಿಲ್ಲರೆ. 1730ರಲ್ಲಿ ರಾಜನ ಕಟ್ಟಡಕ್ಕೆ ಸುಣ್ಣ ಸುಡಲು ಕಟ್ಟಿಗೆ ಬೇಕಾಗಿತ್ತು. ಆಳುಗಳು ಕೊಡಲಿ ಹಿಡಿದು ಅಲ್ಲಿಗೆ ಬಂದರು. ಅಮೃತಾದೇವಿ ಅನ್ನುವ ಬಿಷ್ಣೋಯಿ ಹೆಣ್ಣುಮಗಳು ಮರ ಅಪ್ಪಿಕೊಂಡು ನಿಂತಳು. ಅವಳೂ ಸೇರಿ ಒಬ್ಬೊಬ್ಬರಾಗಿ 363 ಜನ ಜೀವ ಕೊಟ್ಟರು. ಆ ಮರ ಯಾವುದು ಗೊತ್ತೇ? ದಸರೆಗೆ ನಾವು ಪೂಜೆ ಮಾಡುವ ಬನ್ನಿ ಮರ. ನಮ್ಮಲ್ಲಿ ವರ್ಷಕ್ಕೊಮ್ಮೆ ಎಲೆ ಹಂಚಿ ಮರೆಯುತ್ತೇವೆ. ಅಲ್ಲಿ ಅದರ ಕಾಯಿ ಒಣಗಿಸಿ ಪಲ್ಯ ಮಾಡುತ್ತಾರೆ (ಕೇರ್ ಸಾಂಗ್ರಿಯಲ್ಲಿ ಸಾಂಗ್ರಿ ಅಂದರೆ ಅದೇ), ಸೊಪ್ಪು ಕುರಿ, ಒಂಟೆಗೆ ಮೇವು, ಹೊಲದ ನಡುವೆ ಮರ ಇದ್ದರೂ ಯಾರೂ ಕಡಿಯೋದಿಲ್ಲ, ಅದರ ಬುಡದ ಸುತ್ತ ಸಜ್ಜೆ ಬಿತ್ತುತ್ತಾರೆ. ನನ್ನ ಹೆಂಡತಿ ಆ ಮರಗಳ ಕೆಳಗೆ ಚಪ್ಪಲಿ ಬಿಟ್ಟೇ ನಡೆದಳು.

ಜೋಧಪುರದಿಂದ ಜೈಸಲ್ಮೇರ್‌ಗೆ ಫಲೋದಿ, ರಾಮದೇವರಾ, ಪೋಖರಣ್ ಮೇಲೆ ಹೋಗಿ. ಸ್ವಲ್ಪ ಸುತ್ತಾದರೂ ಚಿಂತೆಯಿಲ್ಲ. ಫಲೋದಿ ಪಕ್ಕದ ಖೀಚನ್‌ನಲ್ಲಿ ಚಳಿಗಾಲಕ್ಕೆ ಸಾವಿರಾರು ಕೊಕ್ಕರೆಯಂಥ ಕ್ರೌಂಚ ಹಕ್ಕಿಗಳು ಬರುತ್ತವೆ, ಅಲ್ಲಿಯವರು ಕುರ್ಜಾ ಅನ್ನುತ್ತಾರೆ. ಊರಿನವರೇ ಕಾಳು ಹಾಕುತ್ತಾರೆ. ಬೆಳಗ್ಗೆ ಅಲ್ಲಿರಬೇಕು, ಅಂದರೆ ಹಿಂದಿನ ರಾತ್ರಿ ಫಲೋದಿಯಲ್ಲಿ ಉಳಿಯಬೇಕು.

ಈಗ ಜೈಸಲ್ಮೇರ್. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ ಕೋಟೆ, ಒಳಗೆ ಇನ್ನೂ ಜನ ವಾಸ ಮಾಡುತ್ತಾರೆ. ದಯವಿಟ್ಟು ಕೋಟೆ ಒಳಗಿನ ಹೋಟೆಲಿನಲ್ಲಿ ಉಳಿಯಬೇಡಿ. ಹಳದಿ ಕಲ್ಲಿನ ಕೋಟೆ ಅದು, ಬುಡದಲ್ಲಿ ಮೆತ್ತನೆ ನೆಲ. ಕೊಡದಲ್ಲಿ ನೀರು ಹೊತ್ತು ತಂದು ಬಳಸುತ್ತಿದ್ದ ಕಾಲಕ್ಕೆ ಕಟ್ಟಿದ್ದು. ಈಗ ನಲ್ಲಿ, ಶವರ್, ಬಚ್ಚಲ ನೀರು ಎಲ್ಲಾ ಬುಡಕ್ಕೆ ಇಳಿದು ಗೋಡೆ ಕುಸಿದಿವೆ. ನೋಡಿ, ಜೈನ ಬಸದಿಗಳನ್ನು ಸಾವಕಾಶ ನೋಡಿ, ಸಂಜೆ ಹೊರಗೆ ಬನ್ನಿ. ಕೋಟೆ ಕೆಳಗಿನ ಗಡೀಸರ್ ಕೆರೆ ನಲ್ಲಿ ನೀರು ಬರುವ ತನಕ ಊರಿಗೆಲ್ಲ ನೀರು ಕೊಟ್ಟದ್ದು.

ನಾನು ಮುಖ್ಯವಾಗಿ ಹೇಳಬೇಕಾದದ್ದು ಖಡೀನ್ ಬಗ್ಗೆ, ಅಂದರೆ ಮಳೆ ನೀರನ್ನು ಒಡ್ಡು ಹಾಕಿ ನಿಲ್ಲಿಸಿ ಬೆಳೆ ತೆಗೆಯುವ ಹೊಲ. ಕುಲಧರಾ ಅಂತ ಬಿಟ್ಟುಹೋದ ಊರು ಇದೆ, ಜೈಸಲ್ಮೇರ್‌ನಿಂದ 18 ಕಿ.ಮೀ. ಎಲ್ಲರೂ ದೆವ್ವದ ಊರು ಅಂತ ಕರೆದುಕೊಂಡು ಹೋಗಿ ಫೋಟೋ ಹೊಡೆಸಿ ಕಳಿಸುತ್ತಾರೆ. ನನಗೆ ಇದು ಬಹಳ ಸಂಕಟ. ಅಲ್ಲಿದ್ದವರು ಪಾಲಿವಾಲರು, ಮರುಭೂಮಿಯಲ್ಲಿ ಗೋಧಿ ಬೆಳೆದ ಜನ! ಅದು ಹೇಗೆ ಅಂದರೆ, ಸುತ್ತ ಕಲ್ಲು ಮಡ್ಡಿ ಇರುತ್ತದೆ. ಮಳೆ ಬಿದ್ದರೆ ಇಂಗದೆ ಓಡುತ್ತದೆ. ಓಡುವ ನೀರಿಗೆ ತಗ್ಗಿನಲ್ಲಿ ಉದ್ದಕ್ಕೆ ಮಣ್ಣಿನ ಒಡ್ಡು ಹಾಕುತ್ತಾರೆ, ಹೆಚ್ಚಾದ ನೀರು ಹೋಗಲು ಒಂದು ಕಡೆ ಕಲ್ಲಿನ ಕೋಡಿ. ನೀರು ಒಂದೆರಡು ತಿಂಗಳು ನಿಂತು ಇಂಗುತ್ತದೆ, ಜೊತೆಗೆ ಮೆಕ್ಕಲು ಮಣ್ಣು ಕೂಡುತ್ತದೆ. ನೀರು ಆರಿದ ಮೇಲೆ ಗೋಧಿ, ಕಡಲೆ ಬಿತ್ತುತ್ತಾರೆ. ಆಮೇಲೆ ಒಂದು ಹನಿ ನೀರು ಹಾಯಿಸುವುದಿಲ್ಲ. ಒಂದು ಎಕರೆ ಬೆಳೆಯಬೇಕಾದರೆ ಹತ್ತು ಹನ್ನೆರಡು ಎಕರೆಗೂ ಜಾಸ್ತಿ ಮಡ್ಡಿಯ ನೀರು ಕೂಡಬೇಕು.

ಗೆಳೆಯರ ಪರಿಚಯದ ರೈತರೊಬ್ಬರು ನಮ್ಮನ್ನು ಅಂಥ ಹೊಲಕ್ಕೆ ಕರೆದುಕೊಂಡು ಹೋಗಿದ್ದರು. ಒಡ್ಡಿನ ಈಚೆ ಕಾಲಿಟ್ಟರೆ ಕಲ್ಲು, ಒಣ ಮುಳ್ಳು. ಆಚೆ ಇಳಿದರೆ ಮೊಣಕಾಲ ಹತ್ತಿರ ಕಡಲೆ ಗಿಡ, ಎಲೆ ಮೇಲೆ ಹುಳಿ ಇಬ್ಬನಿ. ಮೇಲಿನ ಮಣ್ಣು ಬಿರುಕು ಬಿಟ್ಟಿತ್ತು. ಅವರು ಹಿಡಿಗೋಲಿನಿಂದ ಒಂದು ಗೇಣು ಕೆದರಿ ಕೆಳಗಿನ ಮಣ್ಣು ನನ್ನ ಅಂಗೈಗೆ ಹಾಕಿದರು. ಹಿಚುಕಿದರೆ ಉಂಡೆ ಕಟ್ಟಿತು, ಬೆರಳಿಗೆ ಮೆತ್ತಿತು. ಜನವರಿ ತಿಂಗಳಲ್ಲಿ, ಮರುಭೂಮಿಯಲ್ಲಿ! ನಮ್ಮ ಎರೆ ಹೊಲದಲ್ಲಿ ಹಿಂಗಾರಿ ಜೋಳ ಬರೀ ಹಸಿಯ ಮೇಲೆ ಬರುತ್ತದಲ್ಲ, ಲೆಕ್ಕ ಅದೇ. ನಮಗೆ ದೇವರು ಹಸಿ ಹಿಡಿಯುವ ಕಪ್ಪು ಮಣ್ಣು ಕೊಟ್ಟ. ಅವರು ಆ ಹಸಿಯನ್ನೂ ಕೈಯಿಂದ ಮಾಡಿಕೊಂಡರು. ಬೀದರ್‌ನಲ್ಲಿ ಬಹಮನಿಗಳ ಕಾಲದ ಸುರಂಗ ಬಾವಿ, ಕಾರೇಜ್ ಹೂತು ಹೋಗುತ್ತಿರುವುದನ್ನು ನೋಡುತ್ತಾ ನಾನು ಕೆಲಸ ಮಾಡಿದ್ದೇನೆ. ಆ ಮಣ್ಣು ಕೈಯಲ್ಲಿ ಹಿಡಿದಾಗ ಕಣ್ಣು ತುಂಬಿ ಬಂತು.

ಹಾಗಾಗಿ ನಿಮ್ಮ ಗಾಳಿಯಂತ್ರದ ಗೆಳೆಯರಿಗೆ ಈಗಲೇ ಹೇಳಿಡಿ. ಅಲ್ಲಿ ಕೆಲಸ ಮಾಡುವವರಿಗೆ ಸುತ್ತಲ ಹಳ್ಳಿಯವರ ಗುರುತು ಇದ್ದೇ ಇರುತ್ತದೆ. ಒಂದು ಖಡೀನ್, ಒಂದು ಟಾಂಕಾ ತೋರಿಸಲಿ. ಟಾಂಕಾ ಅಂದರೆ ಅಂಗಳದಲ್ಲಿ ನೆಲದೊಳಗಿನ ನೀರಿನ ತೊಟ್ಟಿ. ಸುತ್ತ ಇಳಿಜಾರಾಗಿ ಗಚ್ಚು ಹಾಕಿರುತ್ತಾರೆ, ಮಳೆ ನೀರು ಜಾಲರಿ ದಾಟಿ ಒಳಗೆ ಇಳಿಯುತ್ತದೆ. ನಾವು ನೋಡಿದ ಟಾಂಕಾದ ಮುಚ್ಚಳಕ್ಕೆ ಬೀಗ ಇತ್ತು, ಬೀಗದ ಕೈ ಅಜ್ಜಿಯ ಸೊಂಟದಲ್ಲಿತ್ತು. ಹೋದ ಮನೆಯಲ್ಲಿ ಕುಡಿಯಲು ನೀರು ಕೊಟ್ಟರೆ ಪೂರ್ತಿ ಕುಡಿಯಿರಿ. ಅರ್ಧ ಕುಡಿದು ಚೆಲ್ಲಬೇಡಿ.

ತೊಗರಿಹೊಲ (ಕಲಬುರಗಿ)

ಸರ್, ನಿಮ್ಮ ಬರಹ ನಮ್ಮವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಕೇಳಿ ಅವರೇ ಉದಯಪುರ, ಜೈಪುರ ಎರಡನ್ನೂ ಕಾಟು ಹಾಕಿದರು. ನನ್ನ ತವರಿನಲ್ಲಿ ಈಗಲೂ ಹಿಂಗಾರಿ ಜೋಳ ಬಿತ್ತುತ್ತಾರೆ, ಅಪ್ಪನಿಗೂ ಖಡೀನ್ ವಿಷಯ ಫೋನಿನಲ್ಲಿ ಹೇಳಿದೆ. "ಒಡ್ಡಿನ ಎತ್ತರ ಎಷ್ಟು ಅಂತ ಅಳೆದುಕೊಂಡು ಬಾ" ಅಂದರು. ಯಾದಗಿರಿ ತಮ್ಮಾ, ಎಲ್ಲೋರಕ್ಕೆ ಮಂಗಳವಾರ ಬಿಟ್ಟು ಹೊರಡುತ್ತೇವೆ.

ಇನ್ನೂ ಎರಡು ಸಂಶಯ. ಡೇರೆಯಲ್ಲಿ ಉಳಿಯೋದರ ಬಗ್ಗೆ ಯಾರೂ ಹೇಳಲಿಲ್ಲ. ಗಡಿ ಹತ್ತಿರದ ತನೋಟ್ ದೇವಸ್ಥಾನಕ್ಕೆ ನಮ್ಮ ಚಿಕ್ಕ ಗಾಡಿ ಹೋಗುತ್ತಾ?

ಸೇಡಂ ಮಗಳು (ಈಗ ಜೈಸಲ್ಮೇರ್)

ಅಕ್ಕಾ, ನಮಸ್ಕಾರ. ನಮ್ಮವರು ಬಿಎಸ್‌ಎಫ್‌ನಲ್ಲಿದ್ದಾರೆ, ನಾನು ಇಲ್ಲೇ ಇರೋದು. ಕಲಬುರಗಿ ಅಂತ ನೋಡಿದ ಕೂಡಲೇ ಬರೆಯದೆ ಇರಲಾಗಲಿಲ್ಲ.

ತನೋಟ್‌ಗೆ ಧಾರಾಳವಾಗಿ ಹೋಗಿ. ಜೈಸಲ್ಮೇರ್‌ನಿಂದ 120 ಕಿ.ಮೀ., ರಸ್ತೆ ಚೆನ್ನಾಗಿದೆ, ಚಿಕ್ಕ ಗಾಡಿಗೆ ಏನೂ ತೊಂದರೆ ಇಲ್ಲ. ನಡುವೆ ರಾಮಗಢದಲ್ಲಿ ಪೆಟ್ರೋಲ್ ಹಾಕಿಸಿಕೊಳ್ಳಿ. ಅದರ ಮುಂದೆ ಅಂಗಡಿ ಕಡಿಮೆ, ಫೋನ್ ಸಿಗ್ನಲ್ ಹೋಗುತ್ತಾ ಬರುತ್ತಾ ಇರುತ್ತದೆ. ನಕಾಶೆ ಮೊದಲೇ ಇಳಿಸಿಟ್ಟುಕೊಳ್ಳಿ, ಕುಡಿಯುವ ನೀರು ಜಾಸ್ತಿ ಇರಲಿ. ಇಬ್ಬರ ಆಧಾರ್ ಕಾರ್ಡ್ ಕೈಗೆ ಸಿಗುವ ಹಾಗೆ ಇಡಿ. ದೇವಸ್ಥಾನ ನೋಡಿಕೊಳ್ಳೋದು ಬಿಎಸ್‌ಎಫ್‌ನವರೇ, ಪೂಜೆ ಮಾಡೋದೂ ಜವಾನರೇ. 1965ರ ಯುದ್ಧದಲ್ಲಿ ಬಿದ್ದು ಸಿಡಿಯದ ಶೆಲ್‌ಗಳನ್ನು ಒಳಗೆ ಗಾಜಿನಲ್ಲಿ ಇಟ್ಟಿದ್ದಾರೆ. ಅಲ್ಲಿಂದ ಮುಂದೆ ಗಡಿ ಕಂಬದ ತನಕ ಹೋಗಬೇಕಾದರೆ ಬಿಎಸ್‌ಎಫ್ ಅನುಮತಿ ಬೇಕು, ಸುಮ್ನೆ ಗಾಡಿ ತಿರುಗಿಸಬೇಡಿ.

ವಾಪಸ್ ಬರುವಾಗ ಲೋಂಗೇವಾಲಾ ಮೇಲೆ ಬನ್ನಿ. 1971ರ ಡಿಸೆಂಬರ್ 4ರ ರಾತ್ರಿ ಪಂಜಾಬ್ ರೆಜಿಮೆಂಟಿನ ಒಂದು ಕಂಪನಿ, ನೂರಿಪ್ಪತ್ತು ಜನರ ಆಸುಪಾಸು, ಪಾಕಿಸ್ತಾನದ ಟ್ಯಾಂಕುಗಳನ್ನು ಬೆಳಗಿನ ತನಕ ತಡೆದು ನಿಂತ ಜಾಗ ಅದು. ಬೆಳಕು ಹರಿದ ಮೇಲೆ ಜೈಸಲ್ಮೇರ್‌ನಿಂದ ವಾಯುಪಡೆಯ ಹಂಟರ್ ವಿಮಾನಗಳು ಬಂದವು. ಕೆಟ್ಟು ನಿಂತ ಟ್ಯಾಂಕುಗಳು ಇನ್ನೂ ಅಲ್ಲೇ ಇವೆ. ನನ್ನ ಮಗ ಪ್ರತಿ ಸಲ ಹೋದಾಗಲೂ ಅಪ್ಪನ ಕೈ ಹಿಡಿದು ಆ ಟ್ಯಾಂಕ್ ಸುತ್ತ ತಿರುಗುತ್ತಾನೆ. ನಾನು ಒಂದು ಕಡೆ ನಿಂತು ಇಬ್ಬರನ್ನೂ ನೋಡುತ್ತೇನೆ. ಗಡಿಯಲ್ಲಿ ಗಂಡನನ್ನು ಬಿಟ್ಟಿರುವವರಿಗೆ ಆ ಜಾಗ ಬರೀ ನೋಡುವ ಸ್ಥಳ ಅಲ್ಲ ಅಕ್ಕಾ.

ಡೇರೆ ವಿಷಯ. ಸಮ್ ದಿಬ್ಬಗಳು ಊರಿಂದ 40 ಕಿ.ಮೀ. ಆಚೆ. ಡಿಸೆಂಬರ್ ಕೊನೆಯ ವಾರ ಅಂದರೆ ಜಾತ್ರೆ. ದರ ದುಪ್ಪಟ್ಟು, ರಾತ್ರಿ ಎಲ್ಲಾ ಡಿಜೆ. ನೀವು ಸಂಜೆ ಹೋಗಿ ಸೂರ್ಯ ಮುಳುಗೋದು ನೋಡಿ ಗೆಳೆಯರ ಮನೆಗೆ ವಾಪಸ್ ಬನ್ನಿ. ಶಾಂತವಾಗಿ ಮರಳು ನೋಡಬೇಕು ಅನಿಸಿದರೆ ಖೂಡಿ ಕಡೆ ಹೋಗಿ, ಅಲ್ಲಿ ಗದ್ದಲ ಕಡಿಮೆ. ಅಲ್ಲಿ ಊರಿನವರ ಮನೆಯಲ್ಲೇ ಉಳಿಯಬಹುದು. ಮಾಂಗಣಿಯಾರರು ಅಂತ ಇಲ್ಲಿಯ ಹಾಡುಗಾರರಿದ್ದಾರೆ, ಅವರ ಹಾಡು ಕೇಳದೆ ಬರಬೇಡಿ. ಕಮಾಯಚಾ ಅಂತ ಒಂದು ತಂತಿವಾದ್ಯ ಬಾರಿಸುತ್ತಾರೆ. ಡೇರೆಗಳಲ್ಲಿ ಮೈಕ್ ಹಚ್ಚಿ ಅದರ ದನಿಯನ್ನೇ ಕೊಲ್ಲುತ್ತಾರೆ. ಯಾರದಾದರೂ ಮನೆಯಂಗಳದಲ್ಲಿ ಮೈಕಿಲ್ಲದೆ ಕೇಳಿದರೆ ಗೊತ್ತಾಗುತ್ತದೆ.

ಚಳಿಯನ್ನು ಹಗುರ ಮಾಡಬೇಡಿ. ನಮ್ಮ ಕಡೆ ಬಿಸಿಲು ತಡೆದವರು ಇಲ್ಲಿಯ ಚಳಿ ತಡೆಯುತ್ತೇವೆ ಅಂತ ತಿಳಿದು ಒಂದು ಶಾಲು ಹಿಡಿದು ಬರುತ್ತಾರೆ. ಮಧ್ಯಾಹ್ನ ಬಿಸಿಲು ಹಿತವಾಗಿರುತ್ತದೆ, ಸೂರ್ಯ ಮುಳುಗಿದ ಕೂಡಲೇ ಮರಳು ತಣ್ಣಗಾಗುತ್ತದೆ. ಬೆಳಗಿನ ಜಾವ 7, 8 ಡಿಗ್ರಿಗೆ ಇಳಿಯುತ್ತದೆ, ಕೆಲವು ದಿನ ಇನ್ನೂ ಕಡಿಮೆ. ಕಿವಿ ಮುಚ್ಚುವ ಟೋಪಿ, ದಪ್ಪ ಸ್ವೆಟರ್, ಕಾಲುಚೀಲ ತನ್ನಿ. ತುಟಿ, ಹಿಮ್ಮಡಿ ಒಡೆಯುತ್ತದೆ, ಕೊಬ್ಬರಿ ಎಣ್ಣೆ ಇರಲಿ.

ಗೆಳೆಯರಿಗೆ ಏನು ತರಬೇಕು ಅಂತ ಕೇಳಿದ್ದೀರಿ. ಇಲ್ಲಿ ಸಜ್ಜೆ ರೊಟ್ಟಿ ಸಿಗುತ್ತದೆ, ಜೋಳದ ರೊಟ್ಟಿ ಸಿಗೋದಿಲ್ಲ. ಖಡಕ್ ರೊಟ್ಟಿ ಕಟ್ಟು ಕಟ್ಟಿ ತನ್ನಿ, ಎರಡು ವಾರ ಏನೂ ಆಗೋದಿಲ್ಲ. ಶೇಂಗಾ ಹಿಂಡಿ, ಅಗಸಿ ಹಿಂಡಿ ತನ್ನಿ. ನಮ್ಮ ತೊಗರಿ ಬೇಳೆ ತನ್ನಿ, 2019ರಲ್ಲಿ ಜಿಐ ಟ್ಯಾಗ್ ಸಿಕ್ಕ ಬೇಳೆ ಅಂತ ಹೆಮ್ಮೆಯಿಂದ ಕೊಡಿ. ಊರು ಬಿಟ್ಟು ದೂರ ಇರುವವರಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಇಲ್ಲ. ನಮ್ಮ ಮನೆಗೂ ಊಟಕ್ಕೆ ಬರಲೇಬೇಕು, ದಾಲ್ ಬಾಟಿ ನಾನೇ ಮಾಡಿ ಹಾಕುತ್ತೇನೆ. ಮೆಸೇಜಿನಲ್ಲಿ ನಂಬರ್ ಕಳಿಸಿದ್ದೇನೆ.

ತೊಗರಿಹೊಲ (ಕಲಬುರಗಿ)

ತಂಗಿ, ನಿಮ್ಮ ಮಾತು ಓದಿ ಜೀವ ತುಂಬಿ ಬಂತು. ನಿಮಗೂ ಒಂದು ಕಟ್ಟು ರೊಟ್ಟಿ ಬೇರೆಯೇ ಕಟ್ಟಿಸುತ್ತೇನೆ, ಸೇಡಂ ಕಡೆಯಿಂದ ಏನಾದರೂ ತರಬೇಕಿದ್ದರೆ ಸಂಕೋಚ ಮಾಡದೆ ಹೇಳಿ, ನಿಮ್ಮ ತವರಿಗೆ ಹೋಗಿ ಇಸಿದುಕೊಂಡು ಬರುತ್ತೇವೆ. ಡೇರೆ ಬೇಡ ಅಂತ ತೀರ್ಮಾನ ಆಯಿತು. ಖೂಡಿಯಲ್ಲಿ ಒಂದು ರಾತ್ರಿ, ಉಳಿದದ್ದು ಗೆಳೆಯರ ಮನೆ.

ಸರ್, ಕೊನೆಯದಾಗಿ ಒಂದು. ಮರಳಿನಲ್ಲಿ ಟೈರಿನ ಗಾಳಿ ಇಳಿಸಬೇಕು ಅಂತ ನಮ್ಮವರು ಎಲ್ಲೋ ನೋಡಿದ್ದಾರೆ. ನಮ್ಮ ಗಾಡಿಗೆ ಅದು ಬೇಕಾ?

ನೀರಿನ ಹಾದಿ (ಬೀದರ್)

ಬೇಡ ತಂಗಿ. ಅದು ದಿಬ್ಬ ಹತ್ತುವ ಜೀಪುಗಳ ಮಾತು. ನೀವು ಡಾಂಬರು ಬಿಟ್ಟು ಇಳಿಯಲೇಬೇಡಿ, ಗಾಡಿ ಗಟ್ಟಿ ನೆಲದಲ್ಲಿ ನಿಲ್ಲಿಸಿ ನಡೆದು ಹೋಗಿ. ಡಾಂಬರಿನ ಮೇಲೆ ಗಾಳಿಗೆ ಮರಳು ಬಂದು ಕೂತಿರುತ್ತದೆ, ದೂರದಿಂದ ಕಾಣಿಸೋದಿಲ್ಲ. ಅದರ ಮೇಲೆ ಬ್ರೇಕ್ ಜೋರಾಗಿ ಒತ್ತಿದರೆ ಗಾಡಿ ಜಾರುತ್ತದೆ, ವೇಗ ಮೊದಲೇ ಇಳಿಸಿ. ಹೊರಡುವ ಮೊದಲು ಸ್ಟೆಪ್ನಿಗೆ ಗಾಳಿ ಹೊಡೆಸಿ, ಏರ್ ಫಿಲ್ಟರ್ ಹೊಸದು ಹಾಕಿಸಿ, ಧೂಳಿಗೆ ಅದೇ ಮೊದಲು ಕಟ್ಟಿಕೊಳ್ಳೋದು.

ಕತ್ತಲಾದ ಮೇಲೆ ಯಾರೇ ಕರೆದರೂ ಗಾಡಿ ಓಡಿಸಬೇಡಿ. ಒಂಟೆ ರಸ್ತೆಗೆ ಬಂದರೆ ಲೈಟಿನಲ್ಲಿ ಬರೀ ಕಾಲು ಕಾಣುತ್ತದೆ, ಮೈ ಎಲ್ಲಾ ಲೈಟಿಗಿಂತ ಮೇಲೆ ಇರುತ್ತದೆ. ಸಮ್‌ಗೆ ಸಂಜೆ ಹೋಗುವ ದಿನ ಮಾತ್ರ ಅಲ್ಲಿಯ ದಾರಿ ಬಲ್ಲ ನಿಮ್ಮ ಗೆಳೆಯರ ಕೈಗೆ ಗಾಡಿ ಕೊಡಿ. ಮತ್ತೆ, ಒಡ್ಡಿನ ಎತ್ತರ ಅಳೆಯಲು ಟೇಪು ಮರೆಯಬೇಡಿ. ಕೋಡಿಯ ಅಗಲವನ್ನೂ ಅಳೆದು ಇಲ್ಲಿ ಬರೆಯಿರಿ, ನನಗೂ ಬೇಕು.